ಎಂಟು ಟಿಕ್ಕು ಬಲಕ್ಕೆ

ಶಹಾಪುರದ ಆಸ್ಪತ್ರೆಯೊಂದರಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್. ಹದಿನಾರು ವರ್ಷದಿಂದ ಅದೇ ಕೋಣೆ, ಅದೇ ಕಿಟಕಿ, ಕಿಟಕಿಯ ಬೆಳಕಿಗೆ ಇಟ್ಟ ಅದೇ ಸೂಕ್ಷ್ಮದರ್ಶಕ. ಅದು ಹಳೆಯ ಕಾಲದ್ದು, ಒಂದೇ ಕೊಳವೆಯದು. ಬಲಗಣ್ಣನ್ನು ಕೊಳವೆಗೆ ಹಚ್ಚಿ, ಎಡಗಣ್ಣನ್ನು ಮುಚ್ಚದೆ, ಆದರೆ ಅದರಿಂದ ಏನನ್ನೂ ನೋಡದೆ ಇರುವುದನ್ನು ರೂಢಿ ಮಾಡಿಕೊಳ್ಳಬೇಕು. ಹೊಸದಾಗಿ ಬಂದವರು ಎಡಗಣ್ಣು ಬಿಗಿದು ಮುಚ್ಚಿ ಸಂಜೆ ಹೊತ್ತಿಗೆ ತಲೆನೋವು ಎಂದು ಕೂರುತ್ತಾರೆ. ನನಗೆ ಅದು ಎಂದೋ ಬಂದುಬಿಟ್ಟಿತ್ತು.

ನನ್ನನ್ನು ಬಂದೂಕಿನ ಬಳಿಗೆ ಕರೆದೊಯ್ದದ್ದು ಈ ರೂಢಿಯೇ. ಸುರಪುರದ ಒಬ್ಬ ನಿವೃತ್ತ ಸುಬೇದಾರರು ಸಕ್ಕರೆ ಪರೀಕ್ಷೆಗೆಂದು ತಿಂಗಳಿಗೊಮ್ಮೆ ನಮ್ಮಲ್ಲಿಗೆ ಬರುತ್ತಿದ್ದರು. ಎಪ್ಪತ್ತು ದಾಟಿದ ಮನುಷ್ಯ, ಬಡಿಗೆಯಂತೆ ನೆಟ್ಟಗೆ. ಒಂದು ದಿನ ವರದಿಗಾಗಿ ಕಾಯುತ್ತ ಬಾಗಿಲಲ್ಲಿ ನಿಂತು ನಾನು ಕೆಲಸ ಮಾಡುವುದನ್ನು ಬಹಳ ಹೊತ್ತು ನೋಡಿದರು. ನಾನು ತಲೆ ಎತ್ತಿದಾಗ ಕೇಳಿದರು:

"ಎಡಗಣ್ಣು ಮುಚ್ಚಂಗೇ ಇಲ್ಲಲ್ಲ ನೀವು?"

ಇಲ್ಲ ಎಂದೆ.

"ಇದನ್ನ ಕಲಿಸಾಕ ನನಗ ಒಬ್ಬೊಬ್ಬ ಜವಾನಗ ಆರಾರು ತಿಂಗಳ ಹಿಡೀತಿತ್ತು. ಐತಾರ ಖಣಿಗೆ ಬರ್ರಿ ತಾಯಿ. ಮನಿಯವರನ್ನೂ ಕರ್ಕೊಂಡು ಬರ್ರಿ."

ಖಣಿ ಎಂದರೆ ಶಹಾಪುರದ ಗುಡ್ಡದ ಹಿಂಬದಿಯಲ್ಲಿ ಕಲ್ಲು ತೆಗೆದು ಬಿಟ್ಟುಹೋದ ಒಂದು ತಗ್ಗು. ಮೂರು ಕಡೆ ಆಳೆತ್ತರಕ್ಕಿಂತ ಎತ್ತರದ ಕಲ್ಲಿನ ಗೋಡೆ, ಎದುರಿನ ಗೋಡೆಗೆ ಆನಿಸಿ ಪೇರಿಸಿದ ಮಣ್ಣಿನ ದಿಬ್ಬ. ಅಲ್ಲಿ ನಮ್ಮ ಬಂದೂಕು ಸಂಘದ ಗುರಿ ಅಭ್ಯಾಸ ನಡೆಯುತ್ತದೆ. ಸಂಘ ಎಂದರೆ ದೊಡ್ಡದೇನಲ್ಲ, ಹದಿನಾಲ್ಕು ಮಂದಿ. ಹತ್ತಿ ಜಿನ್ನಿಂಗ್ ಮಿಲ್ಲಿನ ಸಾಹುಕಾರರು ಕಾರ್ಯದರ್ಶಿ. ಲೈಸೆನ್ಸು ಸಂಘದ ಹೆಸರಿನಲ್ಲಿದೆ, ಬಂದೂಕುಗಳು ಅವರ ತಿಜೋರಿಯಲ್ಲಿರುತ್ತವೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಅವರ ಜೀಪು ಬರುತ್ತದೆ. ಸುಬೇದಾರ್ ಕಾಕಾ ನಮ್ಮ ಉಸ್ತಾದರು.

ಬಂದೂಕು ಎಂದ ಕೂಡಲೇ ಜನ ಏನೇನೋ ಕಲ್ಪಿಸಿಕೊಳ್ಳುತ್ತಾರೆ. ನಮ್ಮಲ್ಲಿರುವುದು ಪಾಯಿಂಟ್ ಟೂ ಟೂ. ಎಲ್ಲಕ್ಕಿಂತ ಸಣ್ಣ ಗುಂಡಿನದು. ಗುಂಡು ನನ್ನ ಕಿರುಬೆರಳಿನ ಉಗುರಿನ ಅಗಲಕ್ಕಿಂತ ದಪ್ಪವಿಲ್ಲ. ಅದರ ಹಿಂಬದಿಯ ಅಂಚಿಗೆ ಪಿನ್ನು ಬಡಿಯುತ್ತದೆ, ಒಣಗಿದ ತೊಗರಿ ಕಟ್ಟಿಗೆ ಮುರಿದಷ್ಟು ಸದ್ದು. ಭುಜಕ್ಕೆ ಒದೆಯುವುದಿಲ್ಲ. ಅದಕ್ಕೇ ಕಲಿಯುವವರಿಗೆಲ್ಲ ಮೊದಲು ಇದನ್ನೇ ಕೊಡುತ್ತಾರೆ. ನಾವು ಬೋರಲು ಮಲಗಿ ಕಾಗದದ ಗುರಿಗೆ ಹೊಡೆಯುತ್ತೇವೆ; ನಟ್ಟನಡುವಿನ ವೃತ್ತಕ್ಕೆ ಹತ್ತು ಅಂಕ, ಹೊರಗಿನ ಒಂದೊಂದು ವೃತ್ತಕ್ಕೂ ಒಂದೊಂದು ಕಡಿಮೆ. ಅಭ್ಯಾಸ ಮುಗಿದ ಮೇಲೆ ಸ್ವಲ್ಪ ಮೋಜು: ದಾರದಲ್ಲಿ ತೂಗುಬಿಟ್ಟ ಡಬ್ಬಿ, ಸಾಲಾಗಿಟ್ಟ ಒಣ ನಿಂಬೆಕಾಯಿ, ಒಡೆದ ಮಡಕೆಯ ಚೂರು. ಡಬ್ಬಿಗೆ ತಾಗಿದಾಗ ಠಣ್ ಎಂದು ಅದು ತಿರುಗುವುದನ್ನು ನೋಡಿ ಜಿನ್ನಿಂಗ್ ಸಾಹುಕಾರರು ಈಗಲೂ ಮಗುವಿನಂತೆ ನಗುತ್ತಾರೆ. ಒಮ್ಮೆ ದೋರನಹಳ್ಳಿಯಿಂದ ಇಬ್ಬರು ರೈತರು ಬಂದು, ಶೇಂಗಾ ಹೊಲಕ್ಕೆ ಕಾಡುಹಂದಿ ನುಗ್ಗುತ್ತಿವೆ, ಬಂದು ನಾಲ್ಕು ಹೊಡೆದುಕೊಡಿ ಎಂದು ಕೇಳಿದರು. ಕಾಕಾ ಅವರಿಗೆ ಚಹಾ ಕುಡಿಸಿ, ಈ ಬಂದೂಕು ಕಾಗದ ಬಿಟ್ಟು ಬೇರೇನನ್ನೂ ತಿನ್ನುವುದಿಲ್ಲ ಎಂದು ಹೇಳಿ ಕಳಿಸಿದರು.

ಮೊದಲ ದಿನ ನಾನು ಹೊಡೆದ ಐದು ಗುಂಡುಗಳಲ್ಲಿ ನಾಲ್ಕು ಕರಿ ವೃತ್ತದೊಳಗೆ ಬಿದ್ದವು. ದೂರದರ್ಶಕದಲ್ಲಿ ನೋಡಿದ ಕಾಕಾ ಏನೂ ಹೇಳಲಿಲ್ಲ. ಚೆನ್ನಾಗಿ ಹೊಡೆದವರಿಗೆ ಅವರು "ಶಾಬಾಶ್" ಅನ್ನುತ್ತಾರೆ. ಬಹಳ ಚೆನ್ನಾಗಿ ಹೊಡೆದವರ ಮುಂದೆ ಸುಮ್ಮನಾಗುತ್ತಾರೆ. ಇದು ನನಗೆ ಆಮೇಲೆ ತಿಳಿಯಿತು. ತಿಳಿದ ಮೇಲೆ ಆ ಮೌನವನ್ನು ನಾನು ಮನಸ್ಸಿನಲ್ಲಿ ಎತ್ತಿಟ್ಟುಕೊಂಡೆ.

ನಾಲ್ಕು ವರ್ಷ ಆ ಸಂಘದಲ್ಲಿ ನಾನೊಬ್ಬಳೇ ಹೆಂಗಸು. ಆಸ್ಪತ್ರೆಯಲ್ಲಿ ನರ್ಸುಗಳು ನನ್ನನ್ನು "ಬಂದೂಕ್ ಮೇಡಂ" ಎಂದು ಕರೆಯತೊಡಗಿದರು. ಬೇವಿನ ನೆರಳಿನ ಬದಿಯ ಚಾಪೆ ನನ್ನದು. ಎರಡು ಬಂದೂಕುಗಳಲ್ಲಿ ಒಳ್ಳೆಯದು, ಗುರಿ ಹಿಡಿಯಲು ಹಿಂದೆ ದುಂಡನೆಯ ರಂಧ್ರದ ಸೈಟು ಇರುವುದು, ಮೊದಲು ನನ್ನ ಕೈಗೆ ಬರುತ್ತಿತ್ತು. ಆ ಸೈಟಿನ ಪಕ್ಕದಲ್ಲಿ ಒಂದು ಸಣ್ಣ ತಿರುಪು ಇದೆ. ಅದನ್ನು ತಿರುಗಿಸಿದರೆ ಟಿಕ್ ಟಿಕ್ ಎನ್ನುತ್ತದೆ. ಪ್ರತಿ ಟಿಕ್ಕಿಗೂ ಗುಂಡು ಬೀಳುವ ಜಾಗ ಒಂಚೂರು ಆಚೀಚೆ ಸರಿಯುತ್ತದೆ. ಕಾಕಾ ಅದರ ಸರಿಯಾದ ಜಾಗಕ್ಕೆ ಬಿಳಿ ಬಣ್ಣದ ಒಂದು ಗೀರು ಎಳೆದಿದ್ದರು. ಅದನ್ನು ಮುಟ್ಟಲು ಅವರನ್ನು ಬಿಟ್ಟರೆ ನನಗೊಬ್ಬಳಿಗೆ ಅನುಮತಿ ಇತ್ತು. ಇದೆಲ್ಲ ಎಷ್ಟು ಸಣ್ಣ ಸಂಗತಿ ಎಂದು ಈಗ ಬರೆಯುವಾಗ ಅನ್ನಿಸುತ್ತದೆ. ಆಗ ಅನ್ನಿಸುತ್ತಿರಲಿಲ್ಲ.

ಐದನೆಯ ವರ್ಷ ಅವಳು ಬಂದಳು.

ಯಾದಗಿರಿ–ಸುರಪುರ ಬಸ್ಸಿನ ಕಂಡಕ್ಟರ್. ತೆಲಂಗಾಣ ಗಡಿಯ ಗುರುಮಠಕಲ್ ಕಡೆಯವಳು, ಮೂವತ್ತರ ಆಸುಪಾಸು, ನನಗಿಂತ ಹತ್ತು ವರ್ಷಕ್ಕಾದರೂ ಚಿಕ್ಕವಳು. ಕಾಕಾ ಒಂದು ದಿನ ಕಾಗದದ ಗುರಿಗಳ ಸುರುಳಿ ಹಿಡಿದು ಅವಳ ಬಸ್ಸು ಹತ್ತಿದ್ದರಂತೆ. ಅದೇನು ಎಂದು ಕೇಳಿದಳಂತೆ. ಅವರು ಬಿಡಿಸಿ ತೋರಿಸಿದರಂತೆ. ಅಷ್ಟೇ ಆಗಿದ್ದು. ಆ ಭಾನುವಾರ ಖಾಕಿ ಅಂಗಿಯಲ್ಲೇ ಬಂದು ನಿಂತಿದ್ದಳು, ಮಧ್ಯಾಹ್ನ ಡ್ಯೂಟಿಗೆ ಹೋಗಬೇಕಿತ್ತು.

ಕಾಕಾ ಅವಳಿಗೆ ಹತ್ತು ನಿಮಿಷ ಪಾಠ ಹೇಳಿದರು. ಅವಳು ಮಲಗಿದಳು. ಕೆನ್ನೆಯನ್ನು ಬಂದೂಕಿನ ಮರದ ಹಿಡಿಗೆ ಒತ್ತಿ, ತುಟಿಯಲ್ಲೇ ತೆಲುಗಿನಲ್ಲಿ ಎಣಿಸುವುದು ನನಗೆ ಕೇಳುತ್ತಿತ್ತು, ಒಕಟಿ, ರೆಂಡು, ಮೂಡು. ಮೂರಕ್ಕೆ ಗುಂಡು ಹೋಗುತ್ತಿತ್ತು. ಬಸ್ಸಿನಲ್ಲಿ ತಲೆ ಎಣಿಸಿ ಎಣಿಸಿ ಬಂದ ರೂಢಿ ಅದು ಎಂದು ಆಮೇಲೆ ಹೇಳಿದಳು. ಐದು ಗುಂಡು ಮುಗಿದವು. ಕಾಕಾ ದೂರದರ್ಶಕಕ್ಕೆ ಕಣ್ಣು ಹಚ್ಚಿದರು. ತೆಗೆಯಲಿಲ್ಲ. ನಾನು ಅವರ "ಶಾಬಾಶ್"ಗಾಗಿ ಕಾಯುತ್ತಿದ್ದೆ. ಅನ್ನಲಿ, ಅಂದುಬಿಡಲಿ ಎಂದು ಬೇಡಿಕೊಳ್ಳುತ್ತಿದ್ದೆ ಎಂದರೂ ತಪ್ಪಿಲ್ಲ. ಅವರು ಸುಮ್ಮನೆ ದೂರದರ್ಶಕವನ್ನು ನನ್ನ ಕಡೆ ತಿರುಗಿಸಿದರು. ನೋಡಿದೆ. ಐದೂ ತೂತುಗಳು ಒಂದು ರೂಪಾಯಿ ನಾಣ್ಯದ ಕೆಳಗೆ ಮುಚ್ಚಿಹೋಗುವಷ್ಟು ಹತ್ತಿರ.

ಆ ದಿನ ಮನೆಗೆ ಬಂದು ಊಟ ಮಾಡಲಿಲ್ಲ. ನನ್ನ ಗಂಡ ದೋರನಹಳ್ಳಿಯ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಏನಾಯಿತೆಂದು ಕೇಳಿದರು. ಬಿಸಿಲು ಎಂದೆ.

ಹೊಟ್ಟೆಕಿಚ್ಚಿನ ಬಗ್ಗೆ ನಾನು ಅಲ್ಲಿಯವರೆಗೆ ತಿಳಿದಿದ್ದದ್ದು ತಪ್ಪು. ಬೇರೆಯವರ ಸೀರೆ, ಒಡವೆ, ಮನೆ ನೋಡಿ ನನಗೆ ಎಂದೂ ಏನೂ ಆಗಿರಲಿಲ್ಲ. ಹಾಗಾಗಿ ಆ ಗುಣ ನನ್ನಲ್ಲಿ ಇಲ್ಲ ಎಂದೇ ನಂಬಿದ್ದೆ. ಬೇಕಾದ್ದೊಂದು ನನಗೆ ಸಿಕ್ಕೇ ಇರಲಿಲ್ಲ, ಅದಕ್ಕೆ ಕಳೆದುಕೊಳ್ಳುವ ಭಯವೂ ಇರಲಿಲ್ಲ. ಭಾನುವಾರದ ಮೂರು ತಾಸು ಸಿಕ್ಕಿದ ಮೇಲೆ ಆ ಭಯವೂ ಬಂತು.

ಅವಳು ಪ್ರತಿ ಭಾನುವಾರ ಬರತೊಡಗಿದಳು. ಬರುವಾಗ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಅನ್ನುವ ಚಟ್ನಿಪುಡಿ ಕಟ್ಟಿಕೊಂಡು ಬರುತ್ತಿದ್ದಳು, ಹದಿನಾಲ್ಕು ಮಂದಿಗೂ ಆಗುವಷ್ಟು. ಎಲ್ಲರೂ ಬೇವಿನ ಕೆಳಗೆ ಕೂತು ತಿನ್ನುತ್ತಿದ್ದರು. ನಾನು ಭಾನುವಾರ ಉಪವಾಸ ಎಂದೆ. ಒಂದು ಸುಳ್ಳು ಹೇಳಿದ್ದಕ್ಕೆ ಎಂಟು ತಿಂಗಳು ಭಾನುವಾರ ಬೆಳಿಗ್ಗೆ ಹಸಿದುಕೊಂಡೇ ಇರಬೇಕಾಯಿತು. ಆ ಹಿಂಡಿಯ ಬೆಳ್ಳುಳ್ಳಿ ವಾಸನೆ ಮೂಗಿಗೆ ಬರುವಾಗ ನಾನು ಖಾಲಿ ಕಾಡತೂಸು ಆರಿಸುತ್ತ ದೂರ ಹೋಗುತ್ತಿದ್ದೆ.

ಕಾಕಾ ಅವಳಿಗೆ ದಿನಕ್ಕೆ ಎಷ್ಟು ಸಲ "ಶಾಬಾಶ್" ಅಂದರು ಎಂದು ಎಣಿಸುತ್ತಿದ್ದೆ. ಎಷ್ಟು ಸಲ ಸುಮ್ಮನಾದರು ಎಂದೂ ಎಣಿಸುತ್ತಿದ್ದೆ. ಅವರು ಅವಳ ಮೊಣಕೈ ಕೆಳಗಿನ ಚಾಪೆ ಸರಿಪಡಿಸಿದರೆ ನನ್ನ ಮೊಣಕೈ ಉರಿಯುತ್ತಿತ್ತು. ನನ್ನ ಅಂಕಗಳು ಇಳಿಯತೊಡಗಿದವು. ಟ್ರಿಗರಿನ ಮೇಲೆ ಬೆರಳಿಟ್ಟಾಗ ಕಣ್ಣೇನೋ ಗುರಿಯ ಮೇಲಿರುತ್ತಿತ್ತು, ಕಿವಿ ಮಾತ್ರ ಪಕ್ಕದ ಚಾಪೆಯ ತೆಲುಗು ಎಣಿಕೆಯ ಮೇಲೆ. ಅವಳು ಮೂಡು ಅನ್ನುವ ಮೊದಲೇ ಹೊಡೆದುಬಿಡಬೇಕೆಂಬ ಆತುರದಲ್ಲಿ ಎಷ್ಟು ಗುಂಡುಗಳನ್ನು ಮಣ್ಣಿಗೆ ಹಾಕಿದೆನೋ.

ಅವಳ ಬಸ್ಸು ಆಸ್ಪತ್ರೆಯ ಮುಂದೆಯೇ ಹೋಗುತ್ತದೆ. ಒಂದು ಸಲ ಸುರಪುರಕ್ಕೆ ಮದುವೆಗೆ ಹೊರಟಿದ್ದೆ. ನಿಲ್ದಾಣದಲ್ಲಿ ಬಂದು ನಿಂತ ಬಸ್ಸಿನ ಬಾಗಿಲಲ್ಲಿ ಅವಳು. "ಬರ್ರಿ ಅಕ್ಕಾರ, ಮುಂದ ಸೀಟು ಅದ," ಎಂದಳು. ಯಾರನ್ನೋ ಕಾಯುತ್ತಿದ್ದೇನೆ ಎಂದೆ. ಮುಂದಿನ ಬಸ್ಸಿಗೆ ಮುಕ್ಕಾಲು ತಾಸು ಬಿಸಿಲಲ್ಲಿ ನಿಂತೆ. ರೇಷ್ಮೆ ಸೀರೆ ಬೆನ್ನಿಗೆ ಅಂಟಿತು. ಅಕ್ಷತೆಯೂ ಸಿಗಲಿಲ್ಲ, ಊಟದ ಹೊತ್ತಿಗೆ ಹೋದೆ.

ಇನ್ನೊಂದು ದಿನ ಗಂಡ ಶಾಲೆಯಿಂದ ಬಂದು ನಗುತ್ತ ಹೇಳಿದರು, "ನಿಮ್ಮ ಕಂಡಕ್ಟರ್ ಬಾಯಿ ಇವತ್ತ ಬಸ್ಸಿನಾಗ ಎಲ್ಲರ ಮುಂದ ನಿನ್ನ ಹೊಗಳಾಕತ್ತಿದ್ಲು. ಅಕ್ಕಾರ್ನ ನೋಡಿನೇ ನಾ ಉಸಿರು ಬಿಡೋದು ಕಲ್ತೀನಿ ಅಂತ." ನಾನು ಅವಳಿಗೆ ಏನನ್ನೂ ಕಲಿಸಿರಲಿಲ್ಲ. ಕಾಕಾ ಹೇಳಿದ್ದರು, ಬೆಳಿಗ್ಗೆ ಹತ್ತು ಗಂಟೆಯ ಮೇಲೆ ಖಣಿಯ ಎಡಗಡೆಯ ಬಿರುಕಿನಿಂದ ಗಾಳಿ ಬೀಸುತ್ತದೆ, ಅದಕ್ಕೆ ತಕ್ಕಂತೆ ಕಾಯುವುದನ್ನು ಅವಳಿಗೆ ತೋರಿಸಿ ಎಂದು. ನಾನು ತೋರಿಸಿರಲಿಲ್ಲ, ಮರೆತೆ ಅಂದಿದ್ದೆ. ಹೀಗಿರುವಾಗ ಅವಳು ನನ್ನನ್ನು ಹೊಗಳುವುದು ನನ್ನನ್ನು ಚುಚ್ಚಲಿಕ್ಕೇ ಎಂದು ಆ ರಾತ್ರಿ ಖಚಿತ ಮಾಡಿಕೊಂಡೆ. ಗಂಡನ ಜೊತೆ ಜಗಳ ತೆಗೆದು, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅವರು ಹೇಳಿದ ಒಂದು ಮಾತನ್ನು ಹಿಡಿದುಕೊಂಡು ಎರಡು ದಿನ ಮಾತು ಬಿಟ್ಟೆ. ಅವರಿಗೆ ಪಾಪ ಏನೂ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಕಲಬುರಗಿಯಲ್ಲಿ ವಿಭಾಗ ಮಟ್ಟದ ಸ್ಪರ್ಧೆ ಇದೆ ಎಂಬ ಸುದ್ದಿ ಬಂತು. ಒಂದು ಸಂಘದಿಂದ ಒಬ್ಬ ಹೆಂಗಸಿಗೆ ಮಾತ್ರ ಅವಕಾಶ. ಕಾಕಾ ನಮ್ಮಿಬ್ಬರನ್ನೂ ಕರೆದು, ಬರುವ ಭಾನುವಾರ ಹತ್ತು ಹತ್ತು ಗುಂಡು, ಹೆಚ್ಚು ಅಂಕ ತೆಗೆದವರ ಹೆಸರು ಹೋಗುತ್ತದೆ ಎಂದರು. ಒಂದೇ ಬಂದೂಕು, ಒಬ್ಬರಾದ ಮೇಲೆ ಒಬ್ಬರು. ಕಾಡತೂಸು ಕಡಿಮೆ ಇದ್ದವು, ಹಾಗಾಗಿ ಪರೀಕ್ಷೆಗೆಂದು ಮೊದಲು ಹೊಡೆದು ನೋಡುವಂತಿಲ್ಲ. ಮಲಗಿದ ಮೇಲೆ ಹತ್ತೂ ಮುಗಿಯುವ ತನಕ ಯಾರೂ ಮಾತಾಡಬಾರದು, ಹೊಡೆಯುವವರೂ ಕೂಡ.

ಚೀಟಿ ಎತ್ತಿದಾಗ ನನ್ನ ಸರದಿ ಮೊದಲು ಬಂತು. ಚೆನ್ನಾಗಿಯೇ ಹೊಡೆದೆ. ಆದರೆ ಬಹಳ ಚೆನ್ನಾಗಿ ಅಲ್ಲ ಎಂಬುದು ನನಗೆ ಎಂಟನೇ ಗುಂಡಿಗೇ ತಿಳಿದಿತ್ತು. ಎಂಬತ್ತೆಂಟರ ಹತ್ತಿರ ಬರುತ್ತದೆ ಎಂದುಕೊಂಡೆ. ಅವಳು ಆ ತಿಂಗಳು ತೊಂಬತ್ತೆರಡಕ್ಕಿಂತ ಕೆಳಗೆ ಇಳಿದಿರಲಿಲ್ಲ. ಹತ್ತನೆಯದು ಮುಗಿಯಿತು. ಗುಂಡು ತುಂಬುವ ಕಡೆಯ ಬೋಲ್ಟ್ ತೆರೆದು, ಬಂದೂಕು ಖಾಲಿ ಎಂದು ತೋರಿಸಿ, ಚಾಪೆಯ ಮೇಲೆ ಇಟ್ಟು ಏಳಬೇಕು. ಕಾಕಾ ಗುರಿಯ ಕಾಗದ ಬದಲಿಸಲು ದಿಬ್ಬದ ಕಡೆ ನಡೆಯುತ್ತಿದ್ದರು. ಸಾಹುಕಾರರು ಫೋನಿನಲ್ಲಿದ್ದರು. ನನ್ನ ಬಲಗೈ ಸೈಟಿನ ಮೇಲಿತ್ತು.

ತಲೆ ತಿರುಗಿತು, ಕೈ ತಾನಾಗಿ ಹೋಯಿತು ಎಂದು ನಾನು ಹೇಳಲಾರೆ. ಎಣಿಸಿಯೇ ತಿರುಗಿಸಿದೆ. ಎಂಟು ಟಿಕ್ಕು ಬಲಕ್ಕೆ. ಎಂಟೇ ಯಾಕೆಂದರೆ ಆರಕ್ಕೆ ಸಾಲದು, ಹತ್ತಕ್ಕೆ ಎದ್ದು ಕಾಣುತ್ತದೆ ಎಂದು ನನಗೆ ಗೊತ್ತಿತ್ತು. ಅಂಗೈಯಲ್ಲಿ ಮುಚ್ಚಿದ್ದರಿಂದ ಸದ್ದು ನನಗೊಬ್ಬಳಿಗೇ ಕೇಳಿಸಿತು. ಎದ್ದು ಮೊಣಕಾಲಿನ ಧೂಳು ಕೊಡವಿಕೊಂಡೆ. ಅವಳು ನಾಲ್ಕು ಹೆಜ್ಜೆ ಆಚೆ ನಿಂತು ತೋಳು ಮಡಚುತ್ತಿದ್ದಳು.

ಅವಳು ಮಲಗಿದಳು. ಒಕಟಿ, ರೆಂಡು, ಮೂಡು. ಮೊದಲ ಗುಂಡು ಎಂಟರ ವೃತ್ತದಲ್ಲಿ, ಬಲಕ್ಕೆ. ಎರಡನೆಯದೂ ಅಲ್ಲೇ. ಮೂರನೆಯದಾದ ಮೇಲೆ ಅವಳು ಬಂದೂಕಿನಿಂದ ಕೆನ್ನೆ ತೆಗೆದು ಒಂದು ಕ್ಷಣ ಸೈಟನ್ನು ನೋಡಿದಳು. ಆ ತಿರುಪನ್ನು ಮುಟ್ಟುವುದು ಅವಳಿಗೆ ಯಾರೂ ಕಲಿಸಿರಲಿಲ್ಲ. ಮಾತಾಡುವಂತೆಯೂ ಇರಲಿಲ್ಲ. ಮತ್ತೆ ಕೆನ್ನೆ ಒತ್ತಿ ಉಳಿದ ಏಳನ್ನೂ ಹೊಡೆದಳು. ಅವಸರ ಮಾಡಲಿಲ್ಲ.

ಅವಳಿಗೆ ಎಂಬತ್ತೊಂದು, ನನಗೆ ಎಂಬತ್ತೆಂಟು. ನಾನು ಗೆದ್ದಿದ್ದೆ. ನಾಲ್ಕೈದು ಮಂದಿ ಚಪ್ಪಾಳೆ ತಟ್ಟಿದರು. ಆ ಕ್ಷಣ ಖುಷಿಯಾಯಿತು. ಸುಳ್ಳು ಹೇಳಿ ಏನು ಮಾಡಲಿ, ನಿಜವಾಗಿಯೂ ಖುಷಿಯಾಯಿತು.

ಕಾಕಾ ಮಾತ್ರ ಅವಳ ಕಾಗದ ಕೈಯಲ್ಲಿ ಹಿಡಿದು ನಿಂತುಬಿಟ್ಟಿದ್ದರು. ಹತ್ತೂ ತೂತುಗಳು ಒಂದರ ಮೈಗೊಂದು ಅಂಟಿದಂತೆ ಇದ್ದವು, ಹೂವಿನಂತೆ, ಆದರೆ ನಡುವಿನಲ್ಲಿ ಅಲ್ಲ, ಬಲಕ್ಕೆ ಸರಿದು. ಕೈ ನಡುಗಿದವರ ಗುಂಡುಗಳು ಚೆಲ್ಲಾಪಿಲ್ಲಿ ಆಗುತ್ತವೆ. ಹೀಗೆ ಒಂದೇ ಕಡೆ ಗುಂಪಾಗಿ ಬಿದ್ದರೆ ತಪ್ಪು ಸೈಟಿನದು. ನಲವತ್ತು ವರ್ಷ ಬಂದೂಕು ಹಿಡಿದವರಿಗೆ ಅದನ್ನು ಯಾರೂ ಹೇಳಬೇಕಾಗಿಲ್ಲ. ಅವರು ಬಂದು ಬಂದೂಕು ಎತ್ತಿಕೊಂಡರು. ಬಿಳಿ ಗೀರು ನೋಡಿದರು. ತಿರುಪನ್ನು ಹಿಂದಕ್ಕೆ ತಿರುಗಿಸಿದರು. ಈಗ ಸದ್ದು ಎಲ್ಲರಿಗೂ ಕೇಳಿಸಿತು. ಎಂಟು.

"ಇದನ್ನ ಯಾರರ ಮುಟ್ಟೀರೇನು?" ಎಂದು ಕೇಳಿದರು. ಕೇಳುವಾಗ ಯಾರ ಮುಖವನ್ನೂ ನೋಡಲಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು, "ನಾ ಎತ್ತಿಕೊಳ್ಳುವಾಗ ನನ್ನ ಕೈನೇ ತಾಗಿರಬೇಕ್ರಿ ಕಾಕಾ."

ಕಾಕಾ ಹೂಂ ಎಂದರು. ಬಂದೂಕನ್ನು ಚೀಲಕ್ಕೆ ಹಾಕಿದರು. ಅವಳು ತನ್ನ ರೊಟ್ಟಿಯ ಬುತ್ತಿ ಎತ್ತಿಕೊಂಡು ಸರಸರನೆ ರಸ್ತೆಯ ಕಡೆ ಹೋದಳು.

ಆಮೇಲಿನ ದಿನಗಳು ಬಹಳ ಕೆಟ್ಟದಾಗಿ ಹೋದವು. ಅವಳು ಯಾಕೆ ಹಾಗೆ ಅಂದಳು ಎಂಬುದೇ ಯೋಚನೆ. ದೊಡ್ಡತನ ತೋರಿಸಿದಳು ಎಂದುಕೊಂಡೆ. ಹಾಗೆ ಅಂದುಕೊಂಡಾಗ ಪಶ್ಚಾತ್ತಾಪಕ್ಕಿಂತ ಮೊದಲು ಹೊಟ್ಟೆ ಉರಿಯಿತು. ಇದರಲ್ಲಿಯೂ ನನಗಿಂತ ಮೇಲಾದಳಲ್ಲ ಎಂದು. ಗುರಿಯಲ್ಲಿ ಅವಳನ್ನು ಮೋಸದಿಂದಾದರೂ ಸೋಲಿಸಬಹುದಿತ್ತು, ಈ ದೊಡ್ಡತನವನ್ನು ಏನು ಮಾಡಲಿ. ಕಾಕಾ ವಾರದ ನಡುವೆಯೂ ನನ್ನನ್ನು ಕರೆಸಿ ಅಭ್ಯಾಸ ಮಾಡಿಸತೊಡಗಿದರು. ಖಣಿಯಲ್ಲಿ ನಾವಿಬ್ಬರೇ. ಎಂಟು ತಿಂಗಳು ನಾನು ಬಯಸಿದ್ದು ಇದನ್ನೇ. ಅವರು ನನ್ನ ಚಾಪೆ ಸರಿಪಡಿಸಿದರು, ಉಸಿರು ನೋಡಿದರು. ಒಂದು ಸಲವೂ "ಶಾಬಾಶ್" ಅನ್ನಲಿಲ್ಲ, ಒಂದು ಸಲವೂ ಆ ಹಳೆಯ ರೀತಿಯಲ್ಲಿ ಸುಮ್ಮನಾಗಲಿಲ್ಲ. ಅಂಕ ಎಷ್ಟು ಎಂದು ಓದಿ ಹೇಳಿ ಬರೆದುಕೊಳ್ಳುತ್ತಿದ್ದರು, ಅಷ್ಟೇ.

ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ತಿರುಪು ತಿರುಗಿಸಿ ಗಾಜಿನ ಮೇಲಿನ ಕಫ ನೋಡುವಾಗ ನನ್ನ ಕೈಯೇ ನನಗೆ ಬೇರೆಯವರದಂತೆ ಕಾಣುತ್ತಿತ್ತು. ಒಬ್ಬ ರೋಗಿಯ ಗಾಜನ್ನು ಮೂರು ಸಲ ನೋಡಿದೆ. ಮೊದಲ ಎರಡು ಸಲ ನೋಡಿದ್ದನ್ನು ನಂಬಲಾಗಲಿಲ್ಲ. ಹತ್ತು ದಿನ ಹೀಗೆ ಕಳೆದೆ. ಹನ್ನೊಂದನೆಯ ದಿನ ಮಧ್ಯಾಹ್ನ ಅರ್ಧ ದಿನ ರಜೆ ಬರೆದುಕೊಟ್ಟು, ಆಸ್ಪತ್ರೆಯ ಮುಂದೆ ಅವಳ ಬಸ್ಸು ಬಂದಾಗ ಹತ್ತಿದೆ.

ಬಸ್ಸು ಮುಕ್ಕಾಲು ಖಾಲಿಯಿತ್ತು. ಅವಳು ಮಷೀನಿನಿಂದ ನನಗೆ ಸುರಪುರದ ಟಿಕೆಟ್ ಹರಿದುಕೊಟ್ಟಳು. ಊರು ದಾಟಿದ ಮೇಲೆ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಬಂದು ಕೂತಳು. ರಸ್ತೆಯ ಎರಡೂ ಬದಿ ಕಾಲುವೆ ನೀರಿನ ಭತ್ತದ ಗದ್ದೆಗಳು ಹೋಗುತ್ತಿದ್ದವು. ನಾನು ಅವುಗಳನ್ನೇ ನೋಡುತ್ತ ಹೇಳಿಬಿಟ್ಟೆ. ತಿರುಪು ತಿರುಗಿಸಿದವಳು ನಾನು ಎಂದು.

"ಗೊತ್ತದ್ರಿ," ಅಂದಳು. "ನಾ ನೋಡೀನಿ. ನಿಮ್ಮ ಕೈ ಅದರ ಮ್ಯಾಲ ಭಾಳ ಹೊತ್ತು ಇತ್ತು. ಹೊಡ್ಯಾಕತ್ತಿದ ಮ್ಯಾಲ ತಿಳೀತು ಯಾಕ ಅಂತ."

ಮತ್ತೆ ನಿನ್ನ ಕೈಯೇ ತಾಗಿತು ಎಂದು ಯಾಕೆ ಹೇಳಿದೆ ಎಂದು ಅವಳನ್ನು ಕೇಳಿದೆ. ನನ್ನನ್ನು ಉಳಿಸಲು ಅನ್ನುತ್ತಾಳೆ, ನಾನು ಅಳುತ್ತೇನೆ ಎಂದು ಮನಸ್ಸಿನಲ್ಲಿ ಸಿದ್ಧವಾಗಿದ್ದೆ.

"ನಿಮ್ಮ ಸಲುವಾಗಿ ಅಲ್ಲ ಅಕ್ಕಾರ. ನಂಗ ಎರಡಕ್ಕ ಡ್ಯೂಟಿ ಇತ್ತು. ಅಲ್ಲಿ ಪಂಚಾಯ್ತಿ ಶುರುವಾದ್ರ ಬಸ್ಸು ತಪ್ತಿತ್ತು." ಚೀಲದ ಚಿಲ್ಲರೆ ಎಣಿಸುತ್ತ ಹೇಳಿದಳು, "ಮತ್ತ ಅಷ್ಟು ಮಂದಿ ಗಂಡಸರ ಮುಂದ ಇಬ್ಬರು ಹೆಂಗಸರು ಜಗಳಾಡೋದು ನಂಗ ಬ್ಯಾಡಾಗಿತ್ತು. ಹಂಗಂತ ನನಗ ಸಿಟ್ಟು ಇಲ್ಲ ಅಂತ ತಿಳೀಬ್ಯಾಡ್ರಿ. ಭಾಳ ಅದ."

ನಾನು ಕ್ಷಮೆ ಕೇಳಿದೆ.

"ನನಗ ಹೇಳಿ ಏನು ಬಂತು? ಕಾಕಾಗ ಹೇಳ್ರಿ," ಎಂದು ಎದ್ದು, ಮುಂದಿನ ನಿಲ್ದಾಣಕ್ಕೆ ಸೀಟಿ ಊದಿದಳು.

ನಾನು ಹತ್ತು ದಿನ ಯಾವ ದೊಡ್ಡತನಕ್ಕೆ ಹೊಟ್ಟೆ ಉರಿದುಕೊಂಡೆನೋ ಅದು ಅಲ್ಲಿ ಇರಲೇ ಇಲ್ಲ. ನಗಬೇಕೋ ಅಳಬೇಕೋ ತಿಳಿಯದೆ ಸುರಪುರದಲ್ಲಿ ಇಳಿದೆ. ಕಾಕಾರ ಮನೆಗೆ ಹೋಗುವ ದಾರಿ ಏರು. ಮೂರು ಕಡೆ ನಿಂತು ದಣಿವಾರಿಸಿಕೊಂಡೆ. ದಣಿವಿಗಿಂತ ಹಿಂದೆ ಹೋಗುವ ಆಸೆಯೇ ಹೆಚ್ಚಿತ್ತು.

ಅವರು ಕಟ್ಟೆಯ ಮೇಲೆ ಕೂತು ಬೂಟಿಗೆ ಪಾಲಿಶ್ ಹಚ್ಚುತ್ತಿದ್ದರು. ಕೂತುಕೋ ಎಂದರು. ನಾನು ನಿಂತೇ ಹೇಳಿದೆ. ಅವರು ಬ್ರಷ್ ಕೆಳಗಿಡಲಿಲ್ಲ.

"ಎಂಟು ಟಿಕ್ಕು ಕೈ ತಾಗಿ ತಿರುಗಂಗಿಲ್ಲ ತಾಯಿ," ಅಂದರು. "ಆ ತಿರುಪು ಗೊತ್ತಿರೋರು ನಾವಿಬ್ಬರೇ. ನಾ ತಿರುಗಿಸಿದ್ದಿಲ್ಲ."

ಮತ್ತೆ ನನ್ನ ಹೆಸರು ಯಾಕೆ ಕಳಿಸಿದಿರಿ ಎಂದು ಕೇಳಿದೆ.

"ಎಲ್ಲಿ ಕಳಿಸೀನಿ? ಕೊನೀ ದಿನಕ್ಕ ಇನ್ನ ನಾಲ್ಕು ದಿನ ಅದ. ಕಾದು ಕುಂತಿದ್ದೆ."

ವಾರದ ನಡುವಿನ ಆ ಅಭ್ಯಾಸಗಳು ಏನೆಂದು ಆಗ ತಿಳಿಯಿತು. ನಾವಿಬ್ಬರೇ ಇರುವ ಜಾಗದಲ್ಲಿ ನಾನು ಬಾಯಿ ಬಿಡಲಿ ಎಂದು ಅವರು ಮೂರು ಸಲ ದಾರಿ ಮಾಡಿಕೊಟ್ಟಿದ್ದರು. ನಾನು ಮೂರು ಸಲವೂ ಅಂಕ ಎಷ್ಟಾಯಿತು ಎಂದು ಕೇಳಿದ್ದೆ.

ಬೈಯಲಿಲ್ಲ. ಆದರೆ ಹೇಳಿದ್ದನ್ನು ಮೆತ್ತಗೂ ಹೇಳಲಿಲ್ಲ. ಇನ್ನೊಬ್ಬರು ಹಿಡಿಯಲಿರುವ ಬಂದೂಕನ್ನು ಕದ್ದು ಮುಟ್ಟಿದ ಕೈಯನ್ನು ನಾನು ಹೇಗೆ ನಂಬಲಿ, ಇವತ್ತು ಸೈಟು, ನಾಳೆ ಇನ್ನೇನೋ ಎಂದರು. ಆರು ತಿಂಗಳು ಬಂದೂಕು ಮುಟ್ಟುವಂತಿಲ್ಲ. ಆದರೆ ಪ್ರತಿ ಭಾನುವಾರ ಬರಬೇಕು. ಕಾಗದ ಅಂಟಿಸಬೇಕು, ಅಂಕ ಓದಬೇಕು, ಖಾಲಿ ಕಾಡತೂಸು ಆರಿಸಬೇಕು. ಬರದಿದ್ದರೆ ಮತ್ತೆ ಬರುವುದೇ ಬೇಡ. ಅವರ ಮನೆಯವರು ಒಳಗಿನಿಂದ ಚಹಾ ತಂದುಕೊಟ್ಟರು. ಕುಡಿದು ಇಳಿದು ಬಂದೆ. ಆ ಸಂಜೆ ಗಂಡನಿಗೂ ಎಲ್ಲ ಹೇಳಿದೆ. ಅವರು, ಹಾಗಾದರೆ ಅವತ್ತಿನ ಜಗಳ ಸಾರಿನ ಉಪ್ಪಿನದಲ್ಲ ಅನ್ನು ಎಂದರು.

ಅವಳು ಕಲಬುರಗಿಗೆ ಹೋಗಿ ನಾಲ್ಕನೆಯವಳಾಗಿ ಬಂದಳು. ಪದಕ ಮೂವರಿಗೆ ಮಾತ್ರ. ಸಾಹುಕಾರರು ಜಿಲೇಬಿ ತರಿಸಿದರು. ಪದಕ ಬರಲಿಲ್ಲ ಎಂದು ನನಗೆ ಒಳಗೊಳಗೇ ಸಮಾಧಾನವಾಯಿತು, ನಾಲ್ಕನೆಯವಳಾದರೂ ಆದಳಲ್ಲ ಎಂದು ಸಂಕಟವೂ ಆಯಿತು. ತಪ್ಪು ಒಪ್ಪಿಕೊಂಡರೆ ಹೊಟ್ಟೆಕಿಚ್ಚು ತೊಳೆದುಹೋಗುತ್ತದೆ ಎಂದು ನಾನು ಭಾವಿಸಿದ್ದೆ. ಹಾಗೇನೂ ಆಗಲಿಲ್ಲ.

ಆ ಆರು ತಿಂಗಳು ಅವಳ ಗುರಿಯ ಕಾಗದಗಳನ್ನು ಅಂಟಿಸಿದವಳು, ಕಿತ್ತವಳು, ತೂತುಗಳಿಗೆ ಅಳತೆ ಹಿಡಿದು ಅಂಕ ಕೂಗಿದವಳು ನಾನೇ. ಗೆರೆಗೆ ತಾಗಿಯೂ ತಾಗದಂತಿರುವ ತೂತುಗಳಿರುತ್ತವೆ. ಒಂಬತ್ತು ಅನ್ನಬಹುದು, ಹತ್ತು ಅನ್ನಬಹುದು. ಭೂತಗನ್ನಡಿ ಹಿಡಿದು ನೋಡುವಾಗ ಪ್ರತಿ ಸಲವೂ ಒಂಬತ್ತು ಎಂದು ನಾಲಿಗೆಯ ತುದಿಗೆ ಬರುತ್ತಿತ್ತು. ಮತ್ತೊಮ್ಮೆ ನೋಡಿ ಇದ್ದದ್ದನ್ನು ಹೇಳುತ್ತಿದ್ದೆ. ಕಾಕಾ ಒಂದು ಸಲವೂ ಬಂದು ಮರುಪರೀಕ್ಷೆ ಮಾಡಲಿಲ್ಲ. ಮೊದಲ ತಿಂಗಳು ಅವಳು ನನ್ನ ಜೊತೆ ಅಂಕ ಬಿಟ್ಟು ಬೇರೆ ಮಾತಾಡಲಿಲ್ಲ. ಎರಡನೆಯ ತಿಂಗಳು ಒಂದು ದಿನ ರೊಟ್ಟಿ ಬುತ್ತಿ ಬಿಚ್ಚುತ್ತ, "ಉಪವಾಸ ಇನ್ನೂ ಅದೇನ್ರಿ?" ಎಂದು ಕೇಳಿದಳು. ಇಲ್ಲ ಎಂದೆ. ಎರಡು ರೊಟ್ಟಿ ತಿಂದೆ, ಮೂರನೆಯದಕ್ಕೆ ಕೈ ಚಾಚುವ ಧೈರ್ಯವಾಗಲಿಲ್ಲ. ಅವಳೇ ಹಾಕಿದಳು.

ಆರು ತಿಂಗಳಾದ ಮೇಲೆ ಕಾಕಾ ಬಂದೂಕು ನನ್ನ ಕೈಗೆ ಕೊಟ್ಟರು. ತಿರುಪಿನ ವಿದ್ಯೆಯನ್ನು ಅಷ್ಟರಲ್ಲಿ ಅವಳಿಗೂ ಕಲಿಸಿದ್ದರು. ಹತ್ತರ ಮೇಲಿನ ಗಾಳಿಯನ್ನು ನಾನೇ ತೋರಿಸಿಕೊಟ್ಟೆ.

ಈಗ ಕಾಲೇಜಿನ ಮೂವರು ಹುಡುಗಿಯರು ಬರುತ್ತಿದ್ದಾರೆ. ಶಿರವಾಳದ ಒಬ್ಬಳಂತೂ ಮೊನ್ನೆ ಐದರಲ್ಲಿ ನಾಲ್ಕು ಡಬ್ಬಿ ಠಣ್ ಅನ್ನಿಸಿದಳು. ಅವರಿಗೆ ಪಾಠ ಹೇಳುವುದು ನಮ್ಮಿಬ್ಬರ ಕೆಲಸ. ಕಳೆದ ಭಾನುವಾರ ಪಾಠ ಮುಗಿದ ಮೇಲೆ ನಾವು ಹತ್ತು ಹತ್ತು ಹೊಡೆದೆವು. ಅವಳಿಗೆ ತೊಂಬತ್ತಾರು ಬಂತು. ನನಗೆ ತೊಂಬತ್ತು. ನಾನು ಅವಳ ಕಾಗದವನ್ನು ಬಿಸಿಲಿಗೆ ಹಿಡಿದು ನೋಡಿದೆ.

"ಹೊಟ್ಟಿ ಉರೀತದ ನೋಡವ್ವ," ಅಂದೆ.

"ಉರೀಲಿ ಬಿಡ್ರಿ," ಎಂದು ಅವಳು ಚಾಪೆಯ ಮೇಲಿಂದ ಎದ್ದು, ಹೊಸ ಕಾಗದ ಅಂಟಿಸಲು ದಿಬ್ಬದ ಕಡೆ ನಡೆದಳು.